ದ್ರವ್ಯಗುಣ ವರ್ಗೀಕರಣ ಮತ್ತು ಕೊಪ್ಪಳ ಸೀಮೆಯ ಮೂಲಿಕೆಗಳು

ಪೀಠಿಕೆ

ಆಯುರ್ವೇದದ ಎಂಟು ಅಂಗಗಳಲ್ಲಿ ದ್ರವ್ಯಗುಣವೆಂಬ ಪ್ರತ್ಯೇಕ ಅಂಗವಿಲ್ಲ. ಆದರೆ ಕಾಯಚಿಕಿತ್ಸೆಯಿಂದ ಹಿಡಿದು ವಿಷಚಿಕಿತ್ಸೆಯವರೆಗೆ ಎಲ್ಲ ಅಂಗಗಳೂ ಅದನ್ನೇ ಆಧರಿಸಿ ನಿಂತಿವೆ. ಒಂದು ಬೇರು, ಒಂದು ತೊಗಟೆ, ಒಂದು ಕಾಳು ದೇಹವನ್ನು ಸೇರಿದ ಮೇಲೆ ಏನು ಮಾಡುತ್ತದೆ ಎಂಬುದನ್ನು ಮುಂಚಿತವಾಗಿ ಊಹಿಸಲು ಪ್ರಾಚೀನ ವೈದ್ಯರು ಕಟ್ಟಿಕೊಂಡ ಕ್ರಮವೇ ದ್ರವ್ಯಗುಣ ವಿಚಾರ. ರಸ, ಗುಣ, ವೀರ್ಯ, ವಿಪಾಕ ಮತ್ತು ಪ್ರಭಾವ ಎಂಬ ಐದು ಅಂಶಗಳ ಮೂಲಕ ಈ ವಿಚಾರ ಸಾಗುವುದರಿಂದ ಇದಕ್ಕೆ 'ರಸಪಂಚಕ'ವೆಂಬ ಹೆಸರು ರೂಢಿಯಲ್ಲಿದೆ.

ರಸಪಂಚಕವನ್ನು ಗಿಡಮೂಲಿಕೆಗಳ ಪಟ್ಟಿಯೆಂದು ಭಾವಿಸುವ ವಾಡಿಕೆಯಿದೆ. ಬೇವು ಕಹಿ ಹಾಗೂ ಶೀತ, ಶುಂಠಿ ಖಾರ ಹಾಗೂ ಉಷ್ಣ ಎಂದು ಪ್ರತಿ ಮೂಲಿಕೆಯ ಮುಂದೆ ಗುಣಗಳನ್ನು ಬರೆದಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಅದರಿಂದ ಬೆಳೆದಿದೆ. ವಾಸ್ತವದಲ್ಲಿ ಇದು ಪಟ್ಟಿಯಲ್ಲ, ಅನುಮಾನದ ಒಂದು ವಿಧಾನ. ಮೂಲಿಕೆ ಯಾವುದೆಂಬ ನಿಶ್ಚಯ ಮತ್ತು ಅದು ಬೆಳೆದ ನೆಲ, ಕಾಲ, ಬಳಸಿದ ಭಾಗಗಳ ಅರಿವು ಎಂಬ ಎರಡು ಆಧಾರಗಳು ಇಲ್ಲದೆ ಆ ವಿಧಾನ ನಡೆಯುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದ ಕೆಲವು ಸಾಮಾನ್ಯ ದ್ರವ್ಯಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರದೇಶ ಮತ್ತು ಪರಂಪರೆ

ರಾಯಚೂರು ಜಿಲ್ಲೆಯ ಭಾಗವಾಗಿದ್ದ ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ಕೊಪ್ಪಳ ಜಿಲ್ಲೆಯಾಗಿ ರೂಪುಗೊಂಡವು. ಮುಂದೆ ಇವುಗಳಿಂದಲೇ ಕುಕನೂರು, ಕನಕಗಿರಿ ಮತ್ತು ಕಾರಟಗಿ ತಾಲ್ಲೂಕುಗಳು ಬೇರ್ಪಟ್ಟಿವೆ. 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡಿನ ಎಲ್ಲೆಗಳನ್ನು ಗುರುತಿಸುವಾಗ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಕೊಪಣವು ಜೈನರ ಮಹಾತೀರ್ಥವಾಗಿತ್ತು. ಕನ್ನಡದ ಆರಂಭದ ವೈದ್ಯಗ್ರಂಥಗಳಲ್ಲಿ ಮುಖ್ಯವಾದವು ಜೈನ ಪರಂಪರೆಯಿಂದಲೇ ಬಂದವೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಅವನ 'ಕರ್ಣಾಟಕ ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ ಮತ್ತು ಮಧುವಿನ ಬಳಕೆಯನ್ನು ಕೈಬಿಡಲಾಗಿದೆ.

ಇದನ್ನು ಕೇವಲ ಮತಾಚಾರದ ಸಂಗತಿಯಾಗಿ ನೋಡಬೇಕಾಗಿಲ್ಲ. ಸಂಹಿತೆಗಳು ಮತ್ತೆ ಮತ್ತೆ ಹೇಳುವ ಮೂರು ದ್ರವ್ಯಗಳನ್ನು ಬಿಟ್ಟೂ ಚಿಕಿತ್ಸಾಶಾಸ್ತ್ರವನ್ನು ಕಟ್ಟಬಹುದೆಂಬ ವಿಶ್ವಾಸ ಅದರ ಹಿಂದೆ ಇದೆ. ದ್ರವ್ಯದ ಹೆಸರಿಗಿಂತ ಅದರ ಗುಣ ಮುಖ್ಯವೆಂದು ಒಪ್ಪಿದಾಗ ಮಾತ್ರ ಇಂತಹ ವಿಶ್ವಾಸ ಸಾಧ್ಯ. 16ನೆಯ ಶತಮಾನದ 'ಭಾವಪ್ರಕಾಶ'ವು ದೊರೆಯದ ದ್ರವ್ಯಕ್ಕೆ ಪ್ರತಿನಿಧಿ ದ್ರವ್ಯಗಳನ್ನು ಸೂಚಿಸುವುದೂ ಇದೇ ತತ್ತ್ವದ ಮೇಲೆ. ರಸಾದಿಗಳಲ್ಲಿ ಸಾಮ್ಯವಿದ್ದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲದು.

ರಸ ಮತ್ತು ಗುಣ

ನಾಲಿಗೆಗೆ ತಾಗಿದೊಡನೆ ತಿಳಿಯುವುದು ರಸ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ರಸಗಳು ಆರು. ರೂಢಿಯ ಮಾತಿನಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಪ್ರತಿಯೊಂದು ರಸದಲ್ಲಿಯೂ ಪಂಚಮಹಾಭೂತಗಳಲ್ಲಿ ಎರಡೆರಡರ ಆಧಿಕ್ಯವನ್ನು ಶಾಸ್ತ್ರಕಾರರು ಹೇಳುತ್ತಾರೆ. ಸಿಹಿಯಲ್ಲಿ ಪೃಥ್ವಿ ಮತ್ತು ಜಲ, ಖಾರದಲ್ಲಿ ವಾಯು ಮತ್ತು ಅಗ್ನಿ, ಕಹಿಯಲ್ಲಿ ವಾಯು ಮತ್ತು ಆಕಾಶಗಳು ಹೆಚ್ಚು. ಮೊದಲ ಮೂರು ರಸಗಳು ವಾತವನ್ನು, ಸಿಹಿ, ಕಹಿ, ಒಗರುಗಳು ಪಿತ್ತವನ್ನು, ಖಾರ, ಕಹಿ, ಒಗರುಗಳು ಕಫವನ್ನು ಶಮನಗೊಳಿಸುತ್ತವೆ ಎಂಬುದು ಸಾಮಾನ್ಯ ನಿಯಮ. ಪ್ರಕೃತಿಯಲ್ಲಿ ಒಂದೇ ರಸವುಳ್ಳ ದ್ರವ್ಯ ವಿರಳವಾದುದರಿಂದ ಚರಕಸಂಹಿತೆಯು ರಸಗಳ ಸಂಯೋಗಗಳನ್ನೂ ಎಣಿಸುತ್ತದೆ. ಬಿಡಿ ರಸಗಳು 6, ಎರಡು ರಸಗಳ ಕೂಟಗಳು 15, ಮೂರರವು 20, ನಾಲ್ಕರವು 15, ಐದರವು 6, ಆರೂ ಕೂಡಿದ್ದು 1; ಒಟ್ಟು 63.

ಗುಣಗಳು ಇಪ್ಪತ್ತು, ಅವು ಹತ್ತು ಜೋಡಿಗಳಾಗಿ ಪರಸ್ಪರ ವಿರುದ್ಧವಾಗಿ ನಿಲ್ಲುತ್ತವೆ. ಗುರು-ಲಘು, ಶೀತ-ಉಷ್ಣ, ಸ್ನಿಗ್ಧ-ರೂಕ್ಷ, ಮಂದ-ತೀಕ್ಷ್ಣ ಮೊದಲಾದ ಈ ಜೋಡಿಗಳು ಮೂಲಿಕೆಗೆ ಮಾತ್ರವಲ್ಲದೆ ಆಹಾರಕ್ಕೂ ದೇಹಕ್ಕೂ ಸಮಾನವಾಗಿ ಅನ್ವಯಿಸುತ್ತವೆ. ಗುಣವು ಸ್ಥಿರವಲ್ಲ, ಕಾಲ ಮತ್ತು ಸಂಸ್ಕಾರಗಳಿಂದ ಬದಲಾಗುತ್ತದೆ. ಗಂಗಾವತಿಯ ಭತ್ತವೇ ಇದಕ್ಕೆ ಸುಲಭವಾದ ನಿದರ್ಶನ. ಆಗತಾನೇ ಕೊಯ್ದ ಹೊಸ ಧಾನ್ಯ ಗುರು, ವರ್ಷ ಕಳೆದುದು ಲಘು ಎಂದು ಸಂಹಿತೆಗಳು ಹೇಳುತ್ತವೆ. ಅಕ್ಕಿಯನ್ನು ಹುರಿದು ಬೇಯಿಸಿದರೆ ಅದು ಇನ್ನೂ ಲಘುವಾಗುತ್ತದೆ. ದ್ರವ್ಯ ಒಂದೇ ಆದರೂ ಅದರ ಗುಣವನ್ನು ಹೇಳುವ ಮೊದಲು ಅದರ ವಯಸ್ಸನ್ನೂ ಪಾಕವನ್ನೂ ಕೇಳಬೇಕಾಗುತ್ತದೆ.

ವೀರ್ಯ, ವಿಪಾಕ ಮತ್ತು ಪ್ರಭಾವ

ದ್ರವ್ಯವು ಯಾವ ಶಕ್ತಿಯಿಂದ ಕಾರ್ಯವೆಸಗುವುದೋ ಅದು ವೀರ್ಯ. ಮೃದು, ತೀಕ್ಷ್ಣ, ಗುರು, ಲಘು, ಸ್ನಿಗ್ಧ, ರೂಕ್ಷ, ಉಷ್ಣ, ಶೀತ ಎಂದು ಎಂಟು ವೀರ್ಯಗಳನ್ನು ಕೆಲವರು ಹೇಳಿದರೂ ಶೀತ ಮತ್ತು ಉಷ್ಣ ಎಂಬ ಎರಡೇ ವಿಭಾಗಗಳು ಹೆಚ್ಚಾಗಿ ಬಳಕೆಯಲ್ಲಿವೆ. ಉತ್ತರ ಕರ್ನಾಟಕದ ಮನೆಮಾತಿನಲ್ಲಿ ಇಂದಿಗೂ ಉಳಿದಿರುವ 'ಉಷ್ಣ' ಮತ್ತು 'ತಂಪು' ಎಂಬ ವಿಂಗಡಣೆ ಮುಟ್ಟಿದರೆ ತಿಳಿಯುವ ಬಿಸಿ-ತಣ್ಣಗಳಿಗೆ ಸಂಬಂಧಿಸಿದ್ದಲ್ಲ. ಅದು ವೀರ್ಯಕ್ಕೆ ಸಂಬಂಧಿಸಿದ್ದು.

ಜಠರಾಗ್ನಿಯಿಂದ ಪಚನವಾದ ನಂತರ ದ್ರವ್ಯದಲ್ಲಿ ಉಂಟಾಗುವ ಪರಿಣಾಮವೇ ವಿಪಾಕ. ಚರಕನ ಪ್ರಕಾರ ಸಿಹಿ ಮತ್ತು ಉಪ್ಪುಗಳಿಗೆ ಮಧುರ ವಿಪಾಕ, ಹುಳಿಗೆ ಆಮ್ಲ ವಿಪಾಕ, ಖಾರ, ಕಹಿ, ಒಗರುಗಳಿಗೆ ಕಟು ವಿಪಾಕ. ಸುಶ್ರುತನು ಆಮ್ಲ ವಿಪಾಕವನ್ನು ಒಪ್ಪದೆ ಮಧುರ ಮತ್ತು ಕಟು ಎಂಬ ಎರಡನ್ನು ಮಾತ್ರ ಅಂಗೀಕರಿಸುತ್ತಾನೆ.

ಈ ಮೂರರಿಂದಲೂ ವಿವರಿಸಲಾಗದ ವಿಶೇಷ ಕಾರ್ಯಕ್ಕೆ ಪ್ರಭಾವವೆಂದು ಹೆಸರು. ಚಿತ್ರಮೂಲ ಮತ್ತು ದಂತಿಗಳೆರಡೂ ರಸದಲ್ಲಿ ಕಟು, ವಿಪಾಕದಲ್ಲಿ ಕಟು, ವೀರ್ಯದಲ್ಲಿ ಉಷ್ಣ. ಆದರೆ ದಂತಿಯು ಭೇದಿ ಮಾಡಿಸುತ್ತದೆ, ಚಿತ್ರಮೂಲ ಮಾಡಿಸುವುದಿಲ್ಲ. ಈ ಭೇದಕ್ಕೆ ಕಾರಣ ಕೊಡಲು ರಸಾದಿಗಳು ಅಸಮರ್ಥವಾದಾಗ ಚರಕನು ಅದನ್ನು ಅಚಿಂತ್ಯವೆಂದು ಕರೆದು ಪ್ರಭಾವದಲ್ಲಿ ಸೇರಿಸುತ್ತಾನೆ. ಬಲವು ಸಮಾನವಾಗಿರುವಲ್ಲಿ ರಸವನ್ನು ವಿಪಾಕವೂ, ಅವೆರಡನ್ನೂ ವೀರ್ಯವೂ, ಎಲ್ಲವನ್ನೂ ಪ್ರಭಾವವೂ ಮೀರುತ್ತವೆ ಎಂಬುದು ಇವುಗಳ ತಾರತಮ್ಯ.

ಇವುಗಳನ್ನು ತಿಳಿಯುವ ಬಗೆಯನ್ನೂ ಚರಕಸಂಹಿತೆ ಪ್ರತ್ಯೇಕವಾಗಿ ಹೇಳುತ್ತದೆ. ರಸವು ನಾಲಿಗೆಯ ಸ್ಪರ್ಶದಿಂದ ತಿಳಿಯುತ್ತದೆ. ವೀರ್ಯವು ದ್ರವ್ಯ ದೇಹದಲ್ಲಿ ನೆಲಸಿರುವಷ್ಟು ಕಾಲ, ಕೆಲವೊಮ್ಮೆ ಸ್ಪರ್ಶದಿಂದಲೂ, ತಿಳಿಯುತ್ತದೆ. ವಿಪಾಕವು ಕಾರ್ಯ ಮುಗಿದ ಮೇಲೆ, ಅದರ ಫಲದಿಂದ ಮಾತ್ರ ತಿಳಿಯುತ್ತದೆ. ರಸವೊಂದನ್ನು ಬಿಟ್ಟರೆ ಉಳಿದವೆಲ್ಲವೂ ಪರಿಣಾಮವನ್ನು ನೋಡಿ ಹಿಂದಕ್ಕೆ ಹೋಗಿ ನಿಶ್ಚಯಿಸಬೇಕಾದವುಗಳು.

ಹುರುಳಿ: ಒಂದು ಕಾಳು, ಎರಡು ಮತಗಳು

ಕುಷ್ಟಗಿ ಮತ್ತು ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಹುರುಳಿ ಈ ವಿಧಾನದ ಒಳಗನ್ನು ತೋರಿಸುವ ಉತ್ತಮ ಉದಾಹರಣೆ. ಸಂಸ್ಕೃತದಲ್ಲಿ ಇದು ಕುಲತ್ಥ. ಚರಕನಿಗೆ ಇದು ಒಗರು ರಸ, ಉಷ್ಣ ವೀರ್ಯ, ಆಮ್ಲ ವಿಪಾಕವುಳ್ಳದ್ದು. ಸುಶ್ರುತನಿಗೆ ಇದು ಒಗರು ರಸ, ಉಷ್ಣ ವೀರ್ಯ, ಕಟು ವಿಪಾಕವುಳ್ಳದ್ದು. ಕಾಳು ಒಂದೇ, ವಿಪಾಕ ಎರಡು.

ಈ ಭಿನ್ನತೆಯನ್ನು ಪಾಠದೋಷವೆಂದು ತಳ್ಳಿಹಾಕುವಂತಿಲ್ಲ. ಒಗರಿನ ದ್ರವ್ಯಕ್ಕೆ ಕಟು ವಿಪಾಕವೆಂಬ ಸಾಮಾನ್ಯ ನಿಯಮದಂತೆ ನೋಡಿದರೆ ಸುಶ್ರುತನ ಹುರುಳಿ ನಿಯಮಕ್ಕೆ ಅನುಗುಣವಾಗಿದೆ, ಚರಕನ ಹುರುಳಿ ನಿಯಮಕ್ಕೆ ಅಪವಾದವಾಗಿದೆ. ಆಮ್ಲ ವಿಪಾಕವನ್ನೇ ಒಪ್ಪದ ಸುಶ್ರುತನಿಗೆ ಅಂತಹ ಅಪವಾದವನ್ನು ಹೇಳುವ ಅವಕಾಶವೂ ಇರಲಿಲ್ಲ. ಆದರೆ ಕಾರ್ಯದ ವಿಷಯಕ್ಕೆ ಬಂದಾಗ ಇಬ್ಬರೂ ಒಂದಾಗುತ್ತಾರೆ: ಹುರುಳಿ ಕಫ ಮತ್ತು ವಾತಗಳನ್ನು ಶಮನಗೊಳಿಸುತ್ತದೆ. ಸಿದ್ಧಾಂತದಲ್ಲಿ ಭೇದವಿದ್ದು ಅನುಭವದಲ್ಲಿ ಏಕತೆಯಿರುವುದನ್ನು ನೋಡಿದರೆ ಮೊದಲು ಬಂದುದು ಕಾರ್ಯದ ನಿರೀಕ್ಷಣೆ, ಅನಂತರ ಬಂದುದು ಅದರ ವಿವರಣೆ ಎಂದು ತಿಳಿಯಬಹುದಾಗಿದೆ.

ನಿಯಮವನ್ನು ಮೀರುವ ಇತರ ದ್ರವ್ಯಗಳೂ ಕಡಿಮೆಯಿಲ್ಲ. ಶುಂಠಿ ಖಾರವಾದರೂ ಅದರ ವಿಪಾಕ ಮಧುರ. ನೆಲ್ಲಿಕಾಯಿ ಹುಳಿಯಾದರೂ ವೀರ್ಯದಲ್ಲಿ ಶೀತ. ಕಹಿ ದ್ರವ್ಯಗಳು ಸಾಮಾನ್ಯವಾಗಿ ಶೀತವಾಗಿದ್ದರೂ ಅಮೃತಬಳ್ಳಿ ಉಷ್ಣ. ಅಪವಾದಗಳನ್ನು ಮುಚ್ಚಿಡದೆ ಒಂದೊಂದಾಗಿ ಹೆಸರಿಸಿರುವುದರಿಂದಲೇ ನಿಘಂಟುಗಳು ಬೆಳೆದವು. ಎಲ್ಲ ಮೂಲಿಕೆಗಳ ಗುಣವೂ ರಸದಿಂದಲೇ ತಿಳಿಯುವಂತಿದ್ದರೆ ನಿಘಂಟುಗಳ ಅಗತ್ಯವೇ ಇರುತ್ತಿರಲಿಲ್ಲ.

ನೆಲದ ಭೇದ

ಸಂಹಿತೆಗಳು ಭೂಪ್ರದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತವೆ. ನೀರು ವಿರಳವಾಗಿ, ಆಕಾಶ ತೆರೆದಿದ್ದು, ಗಾಳಿ ಬಲವಾಗಿ ಬೀಸುವ, ಬನ್ನಿ, ಬಾರಿಗಿಡಗಳು ಬೆಳೆಯುವ ನೆಲ ಜಾಂಗಲ. ನೀರು ತುಂಬಿದ ತಂಪಾದ ನೆಲ ಆನೂಪ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಕುಷ್ಟಗಿ, ಯಲಬುರ್ಗಾಗಳ ಬಯಲು ಜಾಂಗಲದ ವರ್ಣನೆಗೆ ಬಹುಮಟ್ಟಿಗೆ ಹೊಂದುತ್ತದೆ. ಗಂಗಾವತಿಯ ಸ್ಥಿತಿ ಬೇರೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಅಲ್ಲಿನ ನೆಲ ಭತ್ತದ ಗದ್ದೆಯಾಯಿತು. ಒಂದೇ ಜಿಲ್ಲೆಯೊಳಗೆ, ಕೆಲವೇ ದಶಕಗಳಲ್ಲಿ, ಜಾಂಗಲದ ಪಕ್ಕದಲ್ಲಿ ಆನೂಪಸದೃಶವಾದ ಭೂಮಿಯೊಂದು ಮನುಷ್ಯನಿರ್ಮಿತವಾಗಿ ಉಂಟಾಯಿತು.

ಇದರ ಪರಿಣಾಮ ಮೂಲಿಕೆಗಳ ನೆಲೆಯಲ್ಲಿಯೂ ಕಾಣುತ್ತದೆ. ಗರಗ ಮತ್ತು ಜೇಕು ನೀರಿನಾಶ್ರಯದ ಗದ್ದೆಬದುಗಳಲ್ಲಿ, ಕಾಲುವೆಯ ಅಂಚುಗಳಲ್ಲಿ ಸೊಂಪಾಗಿ ಬೆಳೆಯುತ್ತವೆ. ನೆಗ್ಗಿಲು, ಎಕ್ಕೆ, ತಂಗಡಿಗಳು ಒಣಭೂಮಿಯ ಸಸ್ಯಗಳು. ಸುಶ್ರುತಸಂಹಿತೆಯು ಪೃಥ್ವಿ ಮತ್ತು ಜಲಗುಣ ಹೆಚ್ಚಿರುವ ನೆಲದಿಂದ ವಿರೇಚನ ದ್ರವ್ಯಗಳನ್ನೂ, ಅಗ್ನಿ, ಆಕಾಶ ಮತ್ತು ವಾಯುಗುಣ ಹೆಚ್ಚಿರುವ ನೆಲದಿಂದ ವಮನ ದ್ರವ್ಯಗಳನ್ನೂ ಸಂಗ್ರಹಿಸಬೇಕೆಂದು ಹೇಳುತ್ತದೆ. ನೆಲವು ಮೂಲಿಕೆಯ ಗುಣವನ್ನು ರೂಪಿಸುತ್ತದೆಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ಹುತ್ತ, ಸ್ಮಶಾನ ಮತ್ತು ಸವಳು ನೆಲಗಳಲ್ಲಿ ಬೆಳೆದ ಮೂಲಿಕೆ ಔಷಧಕ್ಕೆ ಯೋಗ್ಯವಲ್ಲವೆಂಬ ನಿಷೇಧವೂ ಶಾಸ್ತ್ರದಲ್ಲಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ನೆಲ ಸವಳಾಗುವುದು ಇಂದು ದೊಡ್ಡ ಸಮಸ್ಯೆಯಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ನಿರ್ವಹಣೆಯ ಬಗ್ಗೆ ಸಂಶೋಧನೆ ನಡೆಯುತ್ತ ಬಂದಿದೆ. ಗದ್ದೆಯ ಬದುವಿನಿಂದ ಕಿತ್ತ ಗರಗವನ್ನು ಗ್ರಂಥೋಕ್ತ ಭೃಂಗರಾಜವೆಂದು ಒಪ್ಪುವ ಮೊದಲು ಆ ಬದು ಎಂತಹ ನೆಲದ್ದು, ಅದಕ್ಕೆ ಯಾವ ಕ್ರಿಮಿನಾಶಕ ಬಿದ್ದಿದೆ ಎಂದು ಕೇಳಬೇಕಾದ ಪರಿಸ್ಥಿತಿ ಇಂದಿನದು. ಮೊದಲ ಪ್ರಶ್ನೆ ಪ್ರಾಚೀನರದು, ಎರಡನೆಯದು ನಮ್ಮ ಕಾಲದ್ದು. ಎರಡರ ಉದ್ದೇಶವೂ ಒಂದೇ.

ಕಾಲದ ವಿಷಯದಲ್ಲಿಯೂ ಚರಕನ ಕಲ್ಪಸ್ಥಾನ ನಿರ್ದಿಷ್ಟವಾಗಿದೆ. ರೆಂಬೆ ಮತ್ತು ಎಲೆಗಳನ್ನು ಮಳೆಗಾಲ ಹಾಗೂ ವಸಂತದಲ್ಲಿ, ಬೇರನ್ನು ಎಲೆಯುದುರಿದ ಬಳಿಕ ಗ್ರೀಷ್ಮ ಅಥವಾ ಶಿಶಿರದಲ್ಲಿ, ತೊಗಟೆ, ಗಡ್ಡೆ, ಹಾಲುಗಳನ್ನು ಶರತ್ಕಾಲದಲ್ಲಿ, ತಿರುಳನ್ನು ಹೇಮಂತದಲ್ಲಿ ಸಂಗ್ರಹಿಸಬೇಕು.

ಹೆಸರಿನ ಸಮಸ್ಯೆ

ನೆಲ, ಕಾಲಗಳು ಸರಿಯಾಗಿದ್ದರೂ ಮೂಲಿಕೆಯೇ ಬೇರೆಯಾದರೆ ರಸಪಂಚಕ ನಿರರ್ಥಕವಾಗುತ್ತದೆ. 'ರಾಜನಿಘಂಟು'ವಿನ ಕರ್ತೃ ನರಹರಿಯು ದ್ರವ್ಯಗಳನ್ನು ಸ್ಪಷ್ಟಪಡಿಸಲು ಕರ್ಣಾಟ ಮತ್ತು ಮಹಾರಾಷ್ಟ್ರ ಭಾಷೆಗಳ ಹೆಸರುಗಳನ್ನು ಆಧಾರವಾಗಿಟ್ಟುಕೊಂಡಿರುವುದಾಗಿ ಹೇಳುತ್ತಾನೆ. ಸಂಸ್ಕೃತದ ಹೆಸರೊಂದರಿಂದಲೇ ಗಿಡ ಗುರುತಾಗದೆಂಬ ಅರಿವು ನಿಘಂಟುಕಾರರಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ.

ಆದರೆ ದೇಶಭಾಷೆಯ ಹೆಸರೂ ಪೂರ್ಣ ಭರವಸೆಯದಲ್ಲ. ಕೊಪ್ಪಳ ಸೀಮೆಯ ಹೊಲಗಳಲ್ಲಿ ನೆಲಕ್ಕೆ ಹರಡಿ, ಕಾಲಿಗೆ ಚುಚ್ಚುವ ಮುಳ್ಳುಕಾಯಿಯ ನೆಗ್ಗಿಲು ಗ್ರಂಥಗಳ ಗೋಕ್ಷುರ. ಸಸ್ಯಶಾಸ್ತ್ರದಲ್ಲಿ ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಆನೆನೆಗ್ಗಿಲು ಎಂಬ ಪೆಡಾಲಿಯಂ ಮುರೆಕ್ಸ್ ಬೇರೆಯೇ ಕುಟುಂಬಕ್ಕೆ ಸೇರಿದ್ದು. ಮುಳ್ಳುಕಾಯಿಯ ಹೋಲಿಕೆಯಿಂದ ಗ್ರಂಥಿಗೆ ಅಂಗಡಿಗಳಲ್ಲಿ ಒಂದರ ಬದಲು ಇನ್ನೊಂದು ಮಾರಾಟವಾಗುವುದುಂಟು. ಪುನರ್ನವದ ವಿಷಯವೂ ಹೀಗೆಯೇ. ಕೊಮ್ಮೆ ಎಂದು ಕರೆಯಲಾಗುವ ಬೋರ್‌ಹೇವಿಯ ಡಿಫ್ಯೂಸ ಮತ್ತು ಅದೇ ಹೊಲದಲ್ಲಿ ಕಳೆಯಾಗಿ ಬೆಳೆಯುವ ಟ್ರಯಾಂಥೆಮ ಪೋರ್ಟುಲಕಾಸ್ಟ್ರಂ ಎರಡೂ ಪುನರ್ನವವೆಂಬ ಹೆಸರಿನಲ್ಲಿ ಬಳಕೆಗೆ ಬಂದಿವೆ. ದಕ್ಷಿಣದಲ್ಲಿ ರಾಸ್ನಾ ಎಂದರೆ ದುಂಪರಾಸ್ಮೆಯ ಗಡ್ಡೆ, ಉತ್ತರದಲ್ಲಿ ಪ್ಲೂಚಿಯ ಎಂಬ ಇನ್ನೊಂದು ಸಸ್ಯ. ಗ್ರಂಥದಲ್ಲಿ ರಾಸ್ನಾಕ್ಕೆ ಹೇಳಿದ ಗುಣ ಯಾವುದರದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆ ಪಂಡಿತರ ಚರ್ಚೆಗಷ್ಟೇ ಸೀಮಿತವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಬಳಕೆ ದೇಶದಾದ್ಯಂತ ಏರಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಟಿನೋಸ್ಪೋರ ಕಾರ್ಡಿಫೋಲಿಯದ ಬದಲು ಅದನ್ನು ಹೋಲುವ ಟಿನೋಸ್ಪೋರ ಕ್ರಿಸ್ಪದಂತಹ ಪ್ರಭೇದ ಬಳಕೆಯಾಗಿರಬಹುದಲ್ಲವೇ ಎಂಬ ಪ್ರಶ್ನೆಯನ್ನು ಆಯುಷ್ ಸಚಿವಾಲಯ ಎತ್ತಿತು. 2022ರಲ್ಲಿ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಪ್ರಕಟಿಸಿದ ವರದಿಯು ಹಾನಿಯ ಸಾಧ್ಯತೆಯನ್ನು ಪುನರುಚ್ಚರಿಸಿತು. ವಾದದ ಎರಡು ಪಕ್ಷಗಳಿಗೂ ನಿರ್ಣಾಯಕವಾದ ಪ್ರಶ್ನೆ ಒಂದೇ ಆಗಿತ್ತು: ರೋಗಿ ಸೇವಿಸಿದ ಬಳ್ಳಿ ಯಾವುದು, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ? ಶಾಸ್ತ್ರದಲ್ಲಿ ಅಮೃತಬಳ್ಳಿಗೆ ಹೇಳಿದ ಗುಣಗಳನ್ನು ಉದ್ಧರಿಸುವುದು ಆ ಪ್ರಶ್ನೆಗೆ ಉತ್ತರವಾಗಲಾರದು.

ನಾಲಿಗೆಯ ಮಿತಿ

ರಸದಿಂದ ಗುಣವನ್ನು ಊಹಿಸುವ ಮಾರ್ಗಕ್ಕೆ ವಿಷದ್ರವ್ಯಗಳ ಬಳಿ ಎಲ್ಲೆ ಬೀಳುತ್ತದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರು ದಡದಲ್ಲಿ ವಿಜಯನಗರ ತಲೆಯೆತ್ತಿದ 14ನೆಯ ಶತಮಾನದಲ್ಲಿಯೇ ಮಂಗರಾಜನು ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ರಚಿಸಿದನು. ವಿಷವನ್ನು ಸಸ್ಯಾದಿಗಳಿಂದ ಬರುವ ಸ್ಥಾವರ, ಪ್ರಾಣಿಗಳಿಂದ ಬರುವ ಜಂಗಮ ಎಂದು ವಿಂಗಡಿಸುವುದು ಈ ಶಾಸ್ತ್ರದ ಕ್ರಮ. ಚರಕಸಂಹಿತೆ ವಿಷಕ್ಕೆ ಹೇಳುವ ಹತ್ತು ಗುಣಗಳಲ್ಲಿ ಒಂದು 'ಅನಿರ್ದೇಶ್ಯರಸ', ಅಂದರೆ ಇಂಥದೇ ರುಚಿಯೆಂದು ಹೇಳಲಾಗದಿರುವುದು. ಅತ್ಯಂತ ಅಪಾಯಕರವಾದುದನ್ನು ನಾಲಿಗೆ ಗುರುತಿಸಲಾರದು ಎಂಬ ಎಚ್ಚರಿಕೆ ವರ್ಗೀಕರಣದ ಒಳಗೇ ಇದೆ.

ಕೊಪ್ಪಳ ಸೀಮೆಯ ಬೇಲಿಸಾಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಎಕ್ಕೆ, ದತ್ತೂರಿ, ಕಳ್ಳಿ, ಗುಲಗಂಜಿ, ಕಣಗಿಲೆಗಳೆಲ್ಲವೂ ಔಷಧಗಳಾಗಿ ಗ್ರಂಥಗಳಲ್ಲಿ ಉಕ್ತವಾಗಿವೆ. ಇವೇ ದ್ರವ್ಯಗಳು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ ಅಡಿಯ ನಿಯಮಗಳಲ್ಲಿ, ಆಯುರ್ವೇದ ಔಷಧಗಳಲ್ಲಿ ಬಳಸುವ ವಿಷದ್ರವ್ಯಗಳ ಪಟ್ಟಿಯಲ್ಲಿಯೂ ಸೇರಿವೆ. ಶೋಧನಕ್ರಮ, ಪ್ರಮಾಣ, ವೈದ್ಯನ ಮೇಲ್ವಿಚಾರಣೆಗಳಿಲ್ಲದೆ ಇವುಗಳ ಗುಣಪಟ್ಟಿಯನ್ನು ಮಾತ್ರ ಜನರ ಮುಂದಿಡುವುದು ಅಪಾಯಕಾರಿ.

ಸಮಾರೋಪ

ಭಾರತೀಯ ಆಯುರ್ವೇದ ಫಾರ್ಮಕೋಪಿಯ ಇಂದು ಪ್ರತಿ ಮೂಲಿಕೆಗೂ ಸಸ್ಯನಾಮ, ಬಳಸುವ ಭಾಗ, ಸೂಕ್ಷ್ಮದರ್ಶಕ ಲಕ್ಷಣ ಮತ್ತು ಶುದ್ಧತೆಯ ಮಾನಗಳ ಜೊತೆಗೆ ರಸ, ಗುಣ, ವೀರ್ಯ, ವಿಪಾಕಗಳನ್ನೂ ನಮೂದಿಸುತ್ತದೆ. ಹಳೆಯ ವಿಧಾನ ಮತ್ತು ಹೊಸ ಪರೀಕ್ಷೆಗಳು ಒಂದೇ ಪುಟದಲ್ಲಿ ಸೇರಿರುವುದು ಸ್ವಾಗತಾರ್ಹ. ಆದರೆ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಒಗರಿಗೆ ಟ್ಯಾನಿನ್ ಕಾರಣ, ಕಹಿಗೆ ಆಲ್ಕಲಾಯ್ಡ್ ಕಾರಣ ಎಂಬ ಸರಳ ಸಮೀಕರಣಗಳು ರಸದವರೆಗೆ ಒಂದಿಷ್ಟು ನಡೆದಾವು. ವಿಪಾಕ, ಪ್ರಭಾವಗಳ ಬಳಿ ನಿಲ್ಲುತ್ತವೆ. ಹಾಗೆಯೇ ರಸಪಂಚಕದಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಒಂದು ಮೂಲಿಕೆ ರೋಗಿಗೆ ಹಿತವೆಂದು ಸಿದ್ಧವಾಗುವುದಿಲ್ಲ. ಅದನ್ನು ಚಿಕಿತ್ಸೆಯ ಪರೀಕ್ಷೆಯಿಂದಲೇ ತಿಳಿಯಬೇಕು. ಕಾರ್ಯವನ್ನು ಕಂಡು ವಿಪಾಕವನ್ನು ನಿಶ್ಚಯಿಸಿದ ಪ್ರಾಚೀನರ ಕ್ರಮಕ್ಕೂ ಇದು ವಿರುದ್ಧವಲ್ಲ.

ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಆಯುರ್ವೇದ ಮಹಾವಿದ್ಯಾಲಯವಿದೆ, ಗಂಗಾವತಿಯಲ್ಲಿ ಕೃಷಿ ಸಂಶೋಧನೆಯ ನೆಲೆಯಿದೆ, ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಿವೈದ್ಯರ ಬಾಯಿಮಾತಿನ ತಿಳಿವಳಿಕೆಯಿದೆ. ಇವು ಒಂದನ್ನೊಂದು ಕೂಡಿದಾಗ ಈ ಸೀಮೆಯ ಮೂಲಿಕೆಗಳ ನಿಜವಾದ ನಿಘಂಟು ಸಿದ್ಧವಾಗಬಲ್ಲದು. ಅಂತಹ ದಾಖಲೆಯಲ್ಲಿ ಊರಿನವರು ಹೇಳುವ ಹೆಸರು, ಒಣಗಿಸಿ ಕಾಪಿಟ್ಟ ಸಸ್ಯದ ಮಾದರಿ, ಕಿತ್ತ ನೆಲ ಮತ್ತು ತಿಂಗಳು, ಬಳಸಿದ ಭಾಗ, ಮಾಡಿದ ಸಂಸ್ಕಾರ, ಕೊಟ್ಟ ಪ್ರಮಾಣ ಎಲ್ಲವೂ ಒಟ್ಟಿಗೆ ಇರಬೇಕು. ರಸಾದಿಗಳ ನಿರ್ಣಯ ಅವುಗಳ ನಂತರದ್ದು. ಮಾದರಿಯಿಲ್ಲದೆ ಬರೆದ ಹೆಸರು ಮುಂದಿನ ಸಂಶೋಧಕನಿಗೆ ಯಾವ ಗಿಡವನ್ನೂ ತೋರಿಸುವುದಿಲ್ಲ. ಹೆಸರನ್ನು ಬಲ್ಲ ಹಿರಿಯರು ಮತ್ತು ಗಿಡ ಬೆಳೆಯುವ ಬೀಳುನೆಲ ಎರಡೂ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.